ಸೈಕಲ್ಲಿಗೆ ರಸ್ತೆಯಲ್ಲಿ ಜಾಗ ಎಲ್ಲಿ? ಗೊಂದಲ ಹುಟ್ಟಿಸುವ ನಿಯಮಗಳ ಹಿಂದಿನ ಲೆಕ್ಕ

ಕೆನಡಾದ ಟೊರೊಂಟೊ ನಗರದ ಬ್ಲೂರ್, ಯಂಗ್ ಮತ್ತು ಯೂನಿವರ್ಸಿಟಿ ರಸ್ತೆಗಳ ಸೈಕಲ್ ಪಥಗಳನ್ನು ಕಿತ್ತುಹಾಕಲು ಒಂಟಾರಿಯೊ ಪ್ರಾಂತ್ಯದ ಸರ್ಕಾರ 2024ರ ನವೆಂಬರ್‌ನಲ್ಲಿ ಕಾನೂನು ಮಾಡಿಕೊಂಡಿತು. ವಾಹನ ದಟ್ಟಣೆ ತಗ್ಗಿಸುವುದು ಅದು ಕೊಟ್ಟ ಕಾರಣ. 2025ರ ಜುಲೈ 30ರಂದು ಅಲ್ಲಿನ ನ್ಯಾಯಾಲಯ, ಪಥ ತೆಗೆಯುವ ಈ ಕ್ರಮ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಸರ್ಕಾರ ಮೇಲ್ಮನವಿಗೆ ಹೋಗುವುದಾಗಿ ಹೇಳಿತು. ರಸ್ತೆ ಬದಿಯ ಪಥಕ್ಕೂ ಸಂವಿಧಾನಕ್ಕೂ ಎಲ್ಲಿಂದೆಲ್ಲಿಯ ಸಂಬಂಧ ಎಂದು ಸುದ್ದಿ ಓದಿದವರು ಕೇಳಿದ್ದು ಸಹಜವೇ.

ಗೊಂದಲ ಇಷ್ಟಕ್ಕೇ ಮುಗಿಯುವುದಿಲ್ಲ. ಕೆಲವು ಸಂದರ್ಭಗಳಲ್ಲಿ ಸೈಕಲ್ ಸವಾರರು ಲೇನಿನ ನಡುಮಧ್ಯದಲ್ಲೇ ಸಾಗಬೇಕು ಎಂದು ಬ್ರಿಟನ್ನಿನ ಸಂಚಾರ ಸಂಹಿತೆ ಹೇಳುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ‘ಸ್ಟಾಪ್’ ಫಲಕದ ಮುಂದೆ ಕಾರು ನಿಲ್ಲಲೇಬೇಕು, ಸೈಕಲ್ ನಿಲ್ಲಬೇಕಿಲ್ಲ. ಜರ್ಮನಿಯಲ್ಲಿ ಪಕ್ಕದಲ್ಲೇ ಸೈಕಲ್ ಪಥ ಇದ್ದರೂ ಎಷ್ಟೋ ಕಡೆ ಸವಾರ ಮುಖ್ಯ ರಸ್ತೆಯಲ್ಲೇ ಹೋಗಬಹುದು. ಒಂದು ಕಡೆ ಸೈಕಲ್ಲನ್ನು ವಾಹನಗಳಿಂದ ದೂರ ಇಡಿ ಎನ್ನುತ್ತಾರೆ, ಇನ್ನೊಂದು ಕಡೆ ಅವುಗಳ ನಡುವೆಯೇ ಬಿಡಿ ಎನ್ನುತ್ತಾರೆ. ಚಾಲಕರಿಗೆ ಇದು ಸೈಕಲ್ಲಿನವರಿಗೆ ಕೊಟ್ಟ ವಿಶೇಷ ರಿಯಾಯಿತಿಯಂತೆ ಕಂಡರೆ, ಸವಾರರಿಗೆ ತಮ್ಮನ್ನು ಎಲ್ಲಿಯೂ ಸಲ್ಲದವರನ್ನಾಗಿ ಮಾಡಿದಂತೆ ಕಾಣುತ್ತದೆ.

ಆದರೆ ಈ ನಿಯಮಗಳ ಹಿಂದೆ ಇರುವುದು ಎರಡೇ ಪ್ರಶ್ನೆಗಳು. ಸೈಕಲ್ಲಿಗೂ ಮೋಟಾರು ವಾಹನಕ್ಕೂ ನಡುವೆ ವೇಗದ ಅಂತರ ಎಷ್ಟು? ಅವೆರಡರ ದಾರಿಗಳು ಎಲ್ಲಿ ಒಂದನ್ನೊಂದು ಹಾಯುತ್ತವೆ? ಇವುಗಳಿಗೆ ರಸ್ತೆಯ ವಿನ್ಯಾಸ ಉತ್ತರ ಕೊಡದೆ ಹೋದಲ್ಲೆಲ್ಲ ಆ ಭಾರವನ್ನು ನಿಯಮ ಹೊರಬೇಕಾಗುತ್ತದೆ. ಗೊಂದಲ ಹುಟ್ಟುವುದೇ ಅಲ್ಲಿ.

ಮೂವತ್ತಕ್ಕೂ ಐವತ್ತಕ್ಕೂ ಇರುವ ಅಂತರ

ಗಂಟೆಗೆ 50 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಸಾಗುತ್ತದೆ. ಎದುರಿಗೆ ಏನೋ ಅಡ್ಡ ಬಂದಿದ್ದನ್ನು ಕಂಡು ಚಾಲಕ ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡಾದರೂ ಬೇಕು. 30 ಕಿ.ಮೀ. ವೇಗದ ಕಾರು ಅದೇ ಸೆಕೆಂಡಿನಲ್ಲಿ ಎಂಟು ಮೀಟರಿಗಿಂತ ತುಸು ಹೆಚ್ಚು ಹೋಗಿರುತ್ತದೆ. ಬ್ರೇಕ್ ಹಾಕಿದ ಮೇಲೆ ಒಣ ರಸ್ತೆಯಲ್ಲಿ ಇನ್ನು ಸುಮಾರು ಐದು ಮೀಟರಿನೊಳಗೆ ನಿಂತೂ ಬಿಡುತ್ತದೆ. ಅಂದರೆ ನಿಧಾನದ ಕಾರು ಪೂರ್ತಿ ನಿಂತ ಜಾಗದಲ್ಲಿ ವೇಗದ ಕಾರು ಇನ್ನೂ ಬ್ರೇಕನ್ನೇ ಹಾಕಿರುವುದಿಲ್ಲ. ಆ ಜಾಗದಲ್ಲಿ ಸೈಕಲ್ ಇದ್ದರೆ ಒಂದು ಕಾರು ಮುಟ್ಟದೆ ನಿಲ್ಲುತ್ತದೆ, ಇನ್ನೊಂದು ಪೂರ್ತಿ ವೇಗದಲ್ಲೇ ಬಡಿಯುತ್ತದೆ.

ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಸೈಕಲ್ ಮತ್ತು ಸವಾರ ಸೇರಿದರೂ ತೂಕ ನೂರು ಕಿಲೋ ದಾಟುವುದು ಕಡಿಮೆ. ಕಾರು ಒಂದು ಟನ್ನಿಗಿಂತ ಹೆಚ್ಚು, ಲಾರಿ ಹತ್ತಾರು ಟನ್. ಕಾರಿನವನಿಗೆ ಉಕ್ಕಿನ ಚೌಕಟ್ಟು, ಬೆಲ್ಟು, ಗಾಳಿಚೀಲಗಳ ರಕ್ಷಣೆ ಇದೆ. ಸವಾರನಿಗೆ ಅಂಥದ್ದೇನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಾದ್ಯಂತ ರಸ್ತೆಗಳಲ್ಲಿ ಸತ್ತವರು ಸುಮಾರು 11.9 ಲಕ್ಷ ಜನ. ಅವರಲ್ಲಿ ನೂರಕ್ಕೆ ಆರರಷ್ಟು ಮಂದಿ ಸೈಕಲ್ ಸವಾರರು.

ಈ ಕಾರಣಕ್ಕೇ ವಸತಿ ಬೀದಿಗಳಲ್ಲಿ 30ರ ಮಿತಿಯನ್ನು ಒಂದೊಂದೇ ದೇಶ ತರುತ್ತಿದೆ. ಬ್ರಸೆಲ್ಸ್ ಮತ್ತು ಪ್ಯಾರಿಸ್ ನಗರಗಳು 2021ರಲ್ಲಿ ಬಹುತೇಕ ಬೀದಿಗಳಿಗೆ ಈ ಮಿತಿ ಹಾಕಿದವು. ಸ್ಪೇನ್ ಅದೇ ವರ್ಷದ ಮೇ ತಿಂಗಳಲ್ಲಿ, ನಗರಗಳೊಳಗೆ ಒಂದೊಂದು ದಿಕ್ಕಿಗೆ ಒಂದೇ ಲೇನ್ ಇರುವ ರಸ್ತೆಗಳಿಗೆಲ್ಲ ಇದನ್ನು ಅನ್ವಯಿಸಿತು. ಅಂಥ ಬೀದಿಯಲ್ಲಿ ಬೇರೆ ಪಥವೇ ಬೇಕಿಲ್ಲ, ಸೈಕಲ್ಲೂ ಕಾರೂ ಒಟ್ಟಿಗೆ ಸಾಗಬಹುದು. ಆದರೆ ಫಲಕ ನೆಟ್ಟ ಮಾತ್ರಕ್ಕೆ ವೇಗ ಇಳಿಯುವುದಿಲ್ಲ. ಅಗಲವಾಗಿ, ನೇರವಾಗಿ, ತೆರೆದುಕೊಂಡಿರುವ ರಸ್ತೆಯಲ್ಲಿ ಚಾಲಕನ ಕಾಲು ತಾನಾಗಿಯೇ ಒತ್ತುತ್ತದೆ. ರಸ್ತೆ ಕಿರಿದಾಗಬೇಕು, ತಿರುವು ಬಿಗಿಯಾಗಬೇಕು, ಉಬ್ಬುಗಳು ಬೇಕು. ಅದು ಮಾಡದೆ ಮಿತಿಯನ್ನಷ್ಟೇ ಘೋಷಿಸಿದ ರಸ್ತೆಯನ್ನು ನಂಬಿ ಮಗುವನ್ನು ಸೈಕಲ್ ಮೇಲೆ ಕಳಿಸಲಾಗದು.

ಲೇನಿನ ನಡುವೆ ಏಕೆ?

ಬ್ರಿಟನ್ನಿನ ಸಂಹಿತೆ ಬದಲಾದದ್ದು 2022ರ ಜನವರಿ 29ರಂದು. ಹೆಚ್ಚು ಹಾನಿ ಮಾಡಬಲ್ಲವರ ಮೇಲೆ ಹೆಚ್ಚು ಹೊಣೆ ಎಂಬ ತತ್ತ್ವವನ್ನು ಅದು ತಂದಿತು. ನಿಶ್ಶಬ್ದ ಬೀದಿಗಳಲ್ಲಿ, ನಿಧಾನ ಸಂಚಾರದಲ್ಲಿ, ಕೂಡುರಸ್ತೆ ಅಥವಾ ಕಿರಿದಾದ ಜಾಗ ಹತ್ತಿರ ಬಂದಾಗ ಲೇನಿನ ನಡುವೆ ಹೋಗಿ ಎಂದು ಸವಾರರಿಗೆ ಹೇಳಿತು. ನಿಶ್ಶಬ್ದ ಬೀದಿಯಲ್ಲಿ ಹಿಂದಿನಿಂದ ವೇಗದ ವಾಹನ ಬಂದರೆ, ಅಪಾಯವಿಲ್ಲ ಅನ್ನಿಸಿದಾಗ ಬದಿಗೆ ಸರಿದು ದಾರಿ ಕೊಡಿ ಎಂದೂ ಹೇಳಿದೆ. ವೇಗದ ವಾಹನಗಳಿರುವ ದಟ್ಟ ರಸ್ತೆಯಲ್ಲಿ ಅಂಚಿನಿಂದ ಅರ್ಧ ಮೀಟರಾದರೂ ದೂರವಿರಿ ಎನ್ನುವುದು ಬೇರೆಯೇ ಸೂಚನೆ. ಹೆಚ್ಚಿನ ಸುದ್ದಿಗಳಲ್ಲಿ ಮೊದಲ ಭಾಗ ಮಾತ್ರ ಬಂತು. ಅರ್ಧ ಜಗಳ ಹುಟ್ಟಿದ್ದು ಅದರಿಂದ.

ನಡುವೆ ಹೋದರೆ ಹಿಂದಿನವರಿಗೆ ಅಡ್ಡಿಯಲ್ಲವೇ? ಅಳತೆ ಹಾಕಿ ನೋಡೋಣ. ನಗರದ ಒಂದು ಲೇನ್ ಸಾಮಾನ್ಯವಾಗಿ ಮೂರರಿಂದ ಮೂರೂವರೆ ಮೀಟರ್ ಅಗಲ. ಸವಾರ ಅಂಚಿನಿಂದ ಅರ್ಧ ಮೀಟರ್ ಬಿಟ್ಟಿದ್ದಾನೆ ಎನ್ನಿ. ಅವನ ಹ್ಯಾಂಡಲ್ಲಿಗೆ ಅರ್ಧ ಮೀಟರಿಗಿಂತ ಹೆಚ್ಚು ಬೇಕು. ಹಿಂದಿಕ್ಕುವಾಗ ಸಂಹಿತೆಯಂತೆ ಬಿಡಬೇಕಾದ ಅಂತರ ಒಂದೂವರೆ ಮೀಟರ್. ಕಾರಿನ ಅಗಲ ಸುಮಾರು ಒಂದು ಮುಕ್ಕಾಲು ಮೀಟರ್. ಕೂಡಿಸಿದರೆ ನಾಲ್ಕು ಮೀಟರ್ ದಾಟುತ್ತದೆ. ಅಂದರೆ ಸವಾರ ಅಂಚಿಗೆ ಎಷ್ಟೇ ಒತ್ತಿಕೊಂಡರೂ ಅದೇ ಲೇನಿನೊಳಗೆ ಅವನನ್ನು ಸರಿಯಾಗಿ ಹಿಂದಿಕ್ಕಲು ಜಾಗವೇ ಇಲ್ಲ. ಚಾಲಕ ಹೇಗಿದ್ದರೂ ಪಕ್ಕದ ಲೇನ್ ಖಾಲಿಯಾಗುವವರೆಗೆ ಕಾಯಬೇಕು. ಅಂಚಿನ ಸವಾರ ‘ನುಸುಳಬಹುದು’ ಎಂಬ ಸುಳ್ಳು ಆಸೆಯನ್ನು ಹುಟ್ಟಿಸುತ್ತಾನೆ. ನಡುವಿನ ಸವಾರ ಕಾಯಬೇಕು ಎಂಬುದನ್ನು ದೂರದಿಂದಲೇ ತಿಳಿಸುತ್ತಾನೆ.

ಅಂಚಿನಲ್ಲಿ ಬೇರೆ ಅಪಾಯಗಳೂ ಇವೆ. ಚರಂಡಿಯ ಜಾಲರಿ, ಮರಳು, ಒಡೆದ ಗಾಜು ಎಲ್ಲ ಬಂದು ಸೇರುವುದು ಅಲ್ಲೇ. ನಿಲ್ಲಿಸಿದ ಕಾರಿನ ಬಾಗಿಲು ಥಟ್ಟನೆ ತೆರೆದುಕೊಳ್ಳುವುದೂ ಅಲ್ಲೇ. ಬಾಗಿಲಿಗೆ ದೂರವಾದ ಕೈಯಿಂದ ಅದನ್ನು ತೆರೆಯಿರಿ ಎಂಬ ಸೂಚನೆ ಬ್ರಿಟನ್ನಿನ ಸಂಹಿತೆಗೆ ಸೇರಿದ್ದು ಈ ಕಾರಣಕ್ಕೆ. ಹಾಗೆ ಮಾಡಿದರೆ ಮೈ ತಿರುಗುತ್ತದೆ, ಕಣ್ಣು ಹಿಂದಕ್ಕೆ ಹೋಗುತ್ತದೆ, ಬರುತ್ತಿರುವ ಸೈಕಲ್ ಕಾಣುತ್ತದೆ. ಇಬ್ಬರು ಅಕ್ಕಪಕ್ಕ ಹೋಗುವುದಕ್ಕೂ ಇಂಥದೇ ಸಮರ್ಥನೆ ಇದೆ. ಹತ್ತು ಜನರ ಒಂಟಿ ಸಾಲನ್ನು ಹಿಂದಿಕ್ಕುವುದಕ್ಕಿಂತ ಐದು ಜೋಡಿಗಳ ಸಾಲನ್ನು ಹಿಂದಿಕ್ಕಲು ಬೇಕಾಗುವ ದೂರ ಕಡಿಮೆ.

ಹಿಂದಿಕ್ಕುವ ಅಂತರ ಎಲ್ಲ ಕಡೆ ಒಂದೇ ಅಲ್ಲ. ಜರ್ಮನಿ 2020ರಲ್ಲಿ ಊರೊಳಗೆ ಒಂದೂವರೆ ಮೀಟರ್, ಊರ ಹೊರಗೆ ಎರಡು ಮೀಟರ್ ಎಂದು ನಿಗದಿ ಮಾಡಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ 60 ಕಿ.ಮೀ. ಮಿತಿಯವರೆಗೆ ಒಂದು ಮೀಟರ್, ಅದಕ್ಕೂ ಮೇಲೆ ಒಂದೂವರೆ. ವೇಗದ ವಾಹನ ತಳ್ಳುವ ಗಾಳಿಗೆ ಸೈಕಲ್ ಓಲಾಡುತ್ತದೆ, ಗುಂಡಿ ತಪ್ಪಿಸಲು ಸವಾರ ಪಕ್ಕಕ್ಕೆ ಸರಿಯುತ್ತಾನೆ. ಈ ಓಲಾಟಕ್ಕೆ ಕಾದಿಟ್ಟ ಜಾಗ ಅದು. ತೊಡಕಿರುವುದು ಜಾರಿಯಲ್ಲಿ. ಓಡುವ ಎರಡು ವಾಹನಗಳ ನಡುವಿನ ಅಂತರವನ್ನು ಕಣ್ಣಳತೆಯಲ್ಲಿ ಸಾಬೀತು ಮಾಡುವುದು ಪೊಲೀಸರಿಗೆ ಕಷ್ಟ.

ನಿಲ್ಲದೆ ಹೋಗುವ ಅನುಮತಿ

ಅಮೆರಿಕದ ಐಡಹೊ ರಾಜ್ಯ 1982ರಲ್ಲೇ ಸವಾರರಿಗೆ ಒಂದು ಅವಕಾಶ ಕೊಟ್ಟಿತು. ಸ್ಟಾಪ್ ಫಲಕದ ಬಳಿ ವೇಗ ತಗ್ಗಿಸಿ, ಅಡ್ಡ ಬರುವವರಿಗೆ ದಾರಿ ಬಿಟ್ಟು, ಯಾರೂ ಇಲ್ಲದಿದ್ದರೆ ನಿಲ್ಲದೆ ಮುಂದೆ ಹೋಗಬಹುದು. ಕೆಂಪು ದೀಪದಲ್ಲಿ ಮಾತ್ರ ನಿಂತು, ನೋಡಿ ಹೋಗಬೇಕು. 2017ರಲ್ಲಿ ಡೆಲವೇರ್ ಇದರ ಒಂದು ರೂಪವನ್ನು ತಂದಿತು. ಆಮೇಲೆ ಒರೆಗನ್, ವಾಷಿಂಗ್ಟನ್, ಯೂಟಾ, ಕೊಲೊರಾಡೊ, ಮಿನೆಸೊಟಾ ಮುಂತಾದವು ಸೇರಿಕೊಂಡವು.

ಪರವಾಗಿ ಇರುವ ವಾದ ಹೀಗೆ: ಸವಾರನ ಕಣ್ಣು ಕಿವಿ ಎರಡಕ್ಕೂ ಗಾಜಿನ ಮರೆ ಇಲ್ಲ, ಅವನು ಬರುವುದೂ ನಿಧಾನವಾಗಿಯೇ. ಪೂರ್ತಿ ನಿಂತ ಸೈಕಲ್ ಮತ್ತೆ ವೇಗ ಹಿಡಿಯುವವರೆಗೆ ಓಲಾಡುತ್ತ ಕೂಡುರಸ್ತೆಯ ನಡುವೆಯೇ ಹೆಚ್ಚು ಹೊತ್ತು ಇರುತ್ತದೆ, ಅಪಾಯ ಹೆಚ್ಚಿರುವ ಜಾಗವೂ ಅದೇ. ವಿರೋಧಿಗಳ ಮಾತೂ ತೂಕದ್ದೇ. ಎದುರಿನವನು ಏನು ಮಾಡುತ್ತಾನೆ ಎಂದು ಊಹಿಸಲು ಸಾಧ್ಯವಾದರೆ ಮಾತ್ರ ರಸ್ತೆ ಸುರಕ್ಷಿತ. ಅದೂ ಅಲ್ಲದೆ ಹತ್ತು ವರ್ಷದ ಮಗುವಿಗೆ ಬರುವ ಕಾರಿನ ವೇಗ ಅಂದಾಜಿಸುವ ಶಕ್ತಿ ಇರುವುದಿಲ್ಲ. ಕ್ಯಾಲಿಫೋರ್ನಿಯಾದ ಗವರ್ನರ್ ಗ್ಯಾವಿನ್ ನ್ಯೂಸಮ್ 2021ರಲ್ಲಿ ಇಂಥ ಮಸೂದೆಗೆ ಸಹಿ ಹಾಕದೆ ಹಿಂದಿರುಗಿಸಿದಾಗ ಕೊಟ್ಟ ಕಾರಣಗಳಲ್ಲಿ ಮಕ್ಕಳ ಸುರಕ್ಷತೆಯೂ ಇತ್ತು.

ಫ್ರಾನ್ಸ್ ಮತ್ತು ಬೆಲ್ಜಿಯಂ ದೇಶಗಳು ಮಧ್ಯಮ ಮಾರ್ಗ ಹಿಡಿದಿವೆ. ಅಲ್ಲಿ ಆಯ್ದ ಸಿಗ್ನಲ್ಲುಗಳ ಕಂಬಕ್ಕೆ ಪುಟ್ಟ ತ್ರಿಕೋನ ಫಲಕ ಹಾಕುತ್ತಾರೆ. ಅದರಲ್ಲಿ ತೋರಿಸಿದ ದಿಕ್ಕಿಗೆ ಮಾತ್ರ ಸೈಕಲ್ ಕೆಂಪಿನಲ್ಲೂ ಹೋಗಬಹುದು, ಪಾದಚಾರಿಗಳಿಗೆ ಮೊದಲ ಹಕ್ಕು ಬಿಟ್ಟುಕೊಟ್ಟು. ನನಗೆ ಇದೇ ಹೆಚ್ಚು ಸರಿ ಎನಿಸುತ್ತದೆ. ಇಲ್ಲಿ ಯಾವ ಕೂಡುರಸ್ತೆ ಸುರಕ್ಷಿತ ಎಂಬುದನ್ನು ಎಂಜಿನಿಯರು ಮೊದಲೇ ನೋಡಿ ತೀರ್ಮಾನಿಸಿರುತ್ತಾನೆ, ದಣಿದ ಸವಾರ ಕ್ಷಣಾರ್ಧದಲ್ಲಿ ನಿರ್ಧರಿಸಬೇಕಾಗಿಲ್ಲ. ಚಾಲಕನ ಕಣ್ಣಿಗೂ ಫಲಕ ಬೀಳುತ್ತದೆ.

ಬೆರೆಯಬೇಕೇ, ಬೇರೆಯಾಗಬೇಕೇ?

1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದ ಸೈಕಲ್ಲನ್ನು ವಾಹನ ಎಂದೇ ಪರಿಗಣಿಸುತ್ತದೆ. ಈ ವಿಚಾರವನ್ನು ಕೊನೆಯವರೆಗೂ ಎಳೆದವರು 1970ರ ದಶಕದ ಅಮೆರಿಕದ ಎಂಜಿನಿಯರ್ ಜಾನ್ ಫಾರೆಸ್ಟರ್ ಮತ್ತು ಅವರ ಅನುಯಾಯಿಗಳು. ಸೈಕಲ್ ಸವಾರ ವಾಹನ ಚಾಲಕನಂತೆ ನಡೆದುಕೊಳ್ಳಬೇಕು, ಅವನಿಗೆ ಬೇರೆ ಪಥ ಕಟ್ಟುವುದೆಂದರೆ ರಸ್ತೆಯ ಮೇಲಿನ ಹಕ್ಕನ್ನು ಕಸಿದಂತೆ ಎಂಬುದು ಅವರ ನಿಲುವು. ಆ ಭಯಕ್ಕೆ ಆಧಾರವಿತ್ತು. ಪಥ ಕಟ್ಟಿದ ಮೇಲೆ ಅದು ಎಷ್ಟೇ ಕೆಟ್ಟದಾಗಿದ್ದರೂ ‘ನಿಮ್ಮ ಜಾಗ ಅಲ್ಲಿದೆ’ ಎಂದು ರಸ್ತೆಯಿಂದ ಓಡಿಸುವುದು ನಿಜಕ್ಕೂ ನಡೆಯುತ್ತಿತ್ತು. ಜರ್ಮನಿಯ ಸರ್ವೋಚ್ಚ ಆಡಳಿತ ನ್ಯಾಯಾಲಯ 2010ರಲ್ಲಿ ಇದಕ್ಕೆ ಕಡಿವಾಣ ಹಾಕಿತು. ರಸ್ತೆಯಲ್ಲಿ ವಿಶೇಷ ಅಪಾಯವಿದ್ದರೆ ಮಾತ್ರ ಪಥ ಬಳಕೆಯನ್ನು ಕಡ್ಡಾಯ ಮಾಡಬಹುದು ಎಂದಿತು. ಪಕ್ಕದಲ್ಲಿ ಪಥ ಇದ್ದರೂ ರಸ್ತೆಗಿಳಿದ ಸವಾರನನ್ನು ಕಂಡು ಚಾಲಕರು ಸಿಡುಕುವಲ್ಲಿ, ಅವನು ಅಲ್ಲಿರಲು ಕಾನೂನಿನ ಆಧಾರ ಇರುವುದುಂಟು.

ಫಾರೆಸ್ಟರ್ ಅವರ ಆ 1970ರ ದಶಕದಲ್ಲೇ ನೆದರ್ಲೆಂಡ್ಸ್ ಬೇರೆ ದಾರಿ ಹಿಡಿಯಿತು. ಅಲ್ಲಿ 1971ರಲ್ಲಿ ರಸ್ತೆ ಅಪಘಾತಗಳಿಗೆ 3,000ಕ್ಕೂ ಹೆಚ್ಚು ಜನ ಬಲಿಯಾದರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಯರು ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಬೀದಿಗಿಳಿದರು. ಮುಂದೆ ತೈಲ ಬಿಕ್ಕಟ್ಟೂ ಸೇರಿ ಸರ್ಕಾರದ ಕಣ್ಣು ತೆರೆಯಿತು. ದಶಕಗಳ ಕಾಲ ಅಲ್ಲಿ ರೂಪುಗೊಂಡ ಸೂತ್ರ ಸರಳ: ವಾಹನ ನಿಧಾನವಾಗಿರುವಲ್ಲಿ ಬೆರೆಸು, ವೇಗವಾಗಿರುವಲ್ಲಿ ಬೇರ್ಪಡಿಸು.

ಎರಡು ಪಂಗಡಗಳಲ್ಲಿ ಯಾರ ಮಾತು ನಿಜವಾಯಿತು ಎಂದು ನೋಡುವುದಕ್ಕೆ ಅಪಘಾತಗಳ ಸಂಖ್ಯೆಯ ಜೊತೆಗೆ ಸೈಕಲ್ ಮೇಲೆ ಯಾರು ಕುಳಿತಿದ್ದಾರೆ ಎಂಬುದನ್ನೂ ನೋಡಬೇಕು. ಐವತ್ತರ ವೇಗದ ಕಾರುಗಳ ನಡುವೆ ಲೇನ್ ಹಿಡಿದು ಸಾಗುವ ಧೈರ್ಯ ಗಟ್ಟಿಮುಟ್ಟಾದ ಯುವಕನಿಗೆ ಇರಬಹುದು. ಗಂಟೆಗೆ ಹದಿನೈದು ಕಿ.ಮೀ. ವೇಗದಲ್ಲಿ ಹೋಗುವ ಎಪ್ಪತ್ತರ ಅಜ್ಜಿಗೆ ಅದು ಸಾಧ್ಯವಿಲ್ಲ. ನಿಯಮ ಅವಳಿಗೆ ಎಷ್ಟೇ ಹಕ್ಕು ಕೊಟ್ಟರೂ ಅವಳು ಸೈಕಲ್ಲನ್ನೇ ಬಿಡುತ್ತಾಳೆ. ಸ್ಪೇನಿನ ಸೆವಿಲ್ ನಗರದಲ್ಲಿ ಸೈಕಲ್ ಬಳಕೆ ಬಹುತೇಕ ಇರಲೇ ಇಲ್ಲ. 2006ರ ನಂತರದ ಕೆಲವೇ ವರ್ಷಗಳಲ್ಲಿ ಸುಮಾರು 80 ಕಿ.ಮೀ. ಬೇರ್ಪಟ್ಟ ಪಥವನ್ನು ಒಂದಕ್ಕೊಂದು ಕೂಡಿಕೊಳ್ಳುವಂತೆ ಕಟ್ಟಿದರು. ಸವಾರರ ಸಂಖ್ಯೆ ಹಲವು ಪಟ್ಟು ಬೆಳೆಯಿತು. ಪಥಗಳು ಒಂದನ್ನೊಂದು ಕೂಡಿದ್ದೇ ಇಲ್ಲಿ ಮುಖ್ಯ. ಅರ್ಧ ದಾರಿಗೆ ಮುಗಿಯುವ ಪಥ ಸವಾರನನ್ನು ಅತಿ ಕೆಟ್ಟ ಜಾಗದಲ್ಲಿ ವಾಹನಗಳ ನಡುವೆ ಬಿಟ್ಟು ಹೋಗುತ್ತದೆ.

ಬಣ್ಣದ ಗೆರೆ

ಎಷ್ಟೋ ನಗರಗಳು ‘ಸೈಕಲ್ ಪಥ’ ಎಂದು ಲೆಕ್ಕ ತೋರಿಸುವುದು ಬರೀ ಬಿಳಿ ಗೆರೆಯನ್ನು. ಅದು ಬೆರೆಸುವುದೂ ಅಲ್ಲ, ಬೇರ್ಪಡಿಸುವುದೂ ಅಲ್ಲ. ಗೆರೆಯ ಮೇಲೆ ಸರಕಿನ ವಾಹನ ನಿಲ್ಲುತ್ತದೆ. ಸವಾರ ಹಠಾತ್ತನೆ ಹೊರಗೆ ಬರಬೇಕಾಗುತ್ತದೆ. ಪಕ್ಕದಲ್ಲಿ ಪಾರ್ಕಿಂಗ್ ಇದ್ದರೆ ಪಥವೆಲ್ಲ ಕಾರಿನ ಬಾಗಿಲು ತೆರೆದುಕೊಳ್ಳುವ ಜಾಗದಲ್ಲೇ ಇರುತ್ತದೆ. ಮೆಲ್ಬರ್ನ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಗೆರೆ ಇರುವ ರಸ್ತೆಗಳಲ್ಲಿ ವಾಹನಗಳು ಸವಾರರನ್ನು ಇನ್ನೂ ಹತ್ತಿರದಿಂದ ದಾಟಿ ಹೋಗುವುದನ್ನು ದಾಖಲಿಸಿತು. ಕಾರಣ ಊಹಿಸಬಹುದು. ಗೆರೆ ಇಲ್ಲದಾಗ ಚಾಲಕ ಸವಾರನನ್ನು ನೋಡಿ ಅಂತರ ಇಡುತ್ತಾನೆ. ಗೆರೆ ಇದ್ದಾಗ ಅದರಾಚೆ ಇದ್ದರೆ ಸಾಕು ಎಂದುಕೊಳ್ಳುತ್ತಾನೆ. ದುಡ್ಡು ಉಳಿಸಲು ಹಾಕಿದ ಬಣ್ಣ ಜನರ ಕಣ್ಣಿಗೆ ಮಣ್ಣೆರಚುವ ಕೆಲಸವಾಗುತ್ತದೆ, ಅದೂ ಜೀವದ ವಿಷಯದಲ್ಲಿ.

ಕೂಡುರಸ್ತೆಯೇ ಪರೀಕ್ಷೆ

ಪಥ ಎಷ್ಟೇ ಗಟ್ಟಿಯಾಗಿರಲಿ, ಕೂಡುರಸ್ತೆಯಲ್ಲಿ ಎಲ್ಲರ ದಾರಿಗಳೂ ಹಾಯಲೇಬೇಕು. ಎಡಬದಿ ಸಂಚಾರದ ದೇಶಗಳಲ್ಲಿ ಎಡಕ್ಕೆ ತಿರುಗುವ ವಾಹನ, ನೇರ ಹೋಗುವ ಸೈಕಲ್ಲಿನ ಹಾದಿಯನ್ನು ಕತ್ತರಿಸುತ್ತದೆ. ಪಾರ್ಕಿಂಗ್ ಸಾಲಿನ ಹಿಂದೆ ಮರೆಯಾಗಿದ್ದ ಸವಾರ ಕೊನೆಯ ಗಳಿಗೆಯಲ್ಲಿ ಎದುರಾಗುತ್ತಾನೆ. ಲಾರಿಯಾದರೆ ಇನ್ನೂ ಘೋರ. ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನವುಗಳ ಜಾಡು ಬಿಟ್ಟು ಒಳಕ್ಕೆ ಕೊಯ್ದುಕೊಂಡು ಬರುತ್ತವೆ. ಪಕ್ಕದಲ್ಲಿ ನಿಂತವನು ಚಾಲಕನಿಗೆ ಕನ್ನಡಿಯಲ್ಲೂ ಕಾಣದೆ ಹೋಗಬಹುದು. ಲಂಡನ್ ನಗರ 2021ರಿಂದ, ಚಾಲಕನ ಆಸನದಿಂದ ನೇರವಾಗಿ ಎಷ್ಟು ಕಾಣುತ್ತದೆ ಎಂಬುದರ ಮೇಲೆ ದೊಡ್ಡ ಲಾರಿಗಳಿಗೆ ಅಂಕ ಕೊಟ್ಟು, ಕಡಿಮೆ ಅಂಕದವುಗಳಿಗೆ ಹೆಚ್ಚುವರಿ ಸುರಕ್ಷತಾ ಸಾಧನ ಕಡ್ಡಾಯ ಮಾಡಿದೆ. 2024ರ ಅಕ್ಟೋಬರಿನಲ್ಲಿ ಆ ಮಟ್ಟವನ್ನು ಮತ್ತಷ್ಟು ಬಿಗಿ ಮಾಡಿತು.

ಪಥ ಎರಡೂ ದಿಕ್ಕಿಗೆ ಇದ್ದರೆ ಇನ್ನೊಂದು ತೊಂದರೆ. ಬಲಬದಿ ಸಂಚಾರವಿರುವ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನ ತೋರಿಸಿದಂತೆ, ಅಡ್ಡರಸ್ತೆಯಿಂದ ಬಂದು ಬಲಕ್ಕೆ ತಿರುಗುವ ಚಾಲಕರು ಕಾರುಗಳು ಬರುವ ಎಡದಿಕ್ಕನ್ನೇ ನೋಡುತ್ತಾರೆ. ಬಲದಿಂದ ಬರುವ ಸವಾರ ಅವರ ಗಮನಕ್ಕೇ ಬರುವುದಿಲ್ಲ. ಅದು ಅಜಾಗರೂಕತೆಯಲ್ಲ, ಅಪಾಯ ಯಾವ ಕಡೆಯಿಂದ ಬರುತ್ತದೆಂದು ಅನುಭವ ಕಲಿಸಿದೆಯೋ ಆ ಕಡೆಗೆ ಕಣ್ಣು ಹೋಗುತ್ತದೆ.

ಡಚ್ ಎಂಜಿನಿಯರುಗಳ ಪರಿಹಾರ ಮೂಲೆಯಲ್ಲಿದೆ. ಕೂಡುರಸ್ತೆಯ ಪ್ರತಿ ಮೂಲೆಯಲ್ಲೂ ಒಂದು ಪುಟ್ಟ ಕಲ್ಲಿನ ದ್ವೀಪ ಕಟ್ಟುತ್ತಾರೆ, ಸೈಕಲ್ ಹಾಯುವ ಜಾಗವನ್ನು ಸುಮಾರು ಒಂದು ಕಾರಿನ ಉದ್ದದಷ್ಟು ಹಿಂದಕ್ಕೆ ಸರಿಸುತ್ತಾರೆ. ದ್ವೀಪದಿಂದಾಗಿ ತಿರುವು ಬಿಗಿಯಾಗಿ ವಾಹನ ನಿಧಾನವಾಗುತ್ತದೆ. ತಿರುಗುವ ಹೊತ್ತಿಗೆ ಸವಾರ ಚಾಲಕನ ಪಕ್ಕದಲ್ಲಲ್ಲ, ಎದುರಿನ ಗಾಜಿನಲ್ಲೇ ಕಾಣುತ್ತಾನೆ. ದಾರಿ ಬಿಡಲು ನಿಂತ ಕಾರಿಗೆ ಹಿಂದಿನ ವಾಹನಗಳನ್ನು ತಡೆಯದೆ ಕಾಯುವ ಜಾಗವೂ ಸಿಗುತ್ತದೆ. ದಟ್ಟ ಕೂಡುರಸ್ತೆಗಳಲ್ಲಿ ಸೈಕಲ್ಲಿಗೆ ಬೇರೆ ಹಸಿರು ದೀಪ ಕೊಡುತ್ತಾರೆ. ಲೇನಿನ ನಡುವೆ ಹೋಗು, ಕನ್ನಡಿ ನೋಡು, ಅಂತರ ಬಿಡು ಎಂದು ಇಬ್ಬರಿಗೂ ಹೇಳುವ ಹತ್ತು ನಿಯಮಗಳ ಕೆಲಸವನ್ನು ಆ ನಾಲ್ಕು ಕಲ್ಲಿನ ದ್ವೀಪಗಳು ಮಾಡುತ್ತವೆ.

ದಟ್ಟಣೆಯ ವಾದ

ಪಥಕ್ಕಾಗಿ ಒಂದು ಲೇನ್ ಹೋದರೆ ಕಾರುಗಳು ಸಿಕ್ಕಿಕೊಳ್ಳುತ್ತವೆ ಎನ್ನುವುದು ವಿರೋಧಿಗಳ ಮುಖ್ಯ ವಾದ. ಕೆಲವೆಡೆ ಅದು ನಿಜ. ಸುತ್ತಲೂ ಬೇರೆ ಪಥಗಳಿಲ್ಲದ ಒಂಟಿ ಪಥಕ್ಕೆ ಮೊದಲ ವರ್ಷಗಳಲ್ಲಿ ಸವಾರರು ಬರುವುದಿಲ್ಲ, ಕಳೆದುಕೊಂಡ ಲೇನ್ ಮಾತ್ರ ಎದ್ದು ಕಾಣುತ್ತದೆ. ಬಸ್ ನಿಲ್ದಾಣದ ಬಳಿ ಪಥ ಹಾದುಹೋಗುವಲ್ಲಿ, ದೃಷ್ಟಿಯಿಲ್ಲದ ಪ್ರಯಾಣಿಕರು ಸದ್ದಿಲ್ಲದೆ ಬರುವ ಸೈಕಲ್ಲನ್ನು ದಾಟಿ ಬಸ್ಸಿಗೆ ಹೋಗಬೇಕು. ಈ ದೂರನ್ನು ಸೈಕಲ್ ಪರ ಇರುವವರು ಹಗುರವಾಗಿ ತೆಗೆದುಕೊಳ್ಳಬಾರದು.

ಆದರೆ ನಗರದ ರಸ್ತೆಯಲ್ಲಿ ಎಷ್ಟು ವಾಹನ ಸಾಗಬಲ್ಲವು ಎಂಬುದನ್ನು ಹೆಚ್ಚಾಗಿ ನಿರ್ಧರಿಸುವುದು ಕೂಡುರಸ್ತೆಗಳೇ. ಎರಡು ಸಿಗ್ನಲ್ಲುಗಳ ನಡುವೆ ಒಂದು ಲೇನ್ ಹೆಚ್ಚಿದ್ದರೆ ಮುಂದಿನ ಕೆಂಪು ದೀಪದ ಸರದಿಗೆ ಬೇಗ ತಲುಪಬಹುದು, ಅಷ್ಟೆ. ಟೊರೊಂಟೊ ಪ್ರಕರಣದಲ್ಲಿ ನ್ಯಾಯಮೂರ್ತಿ ಪಾಲ್ ಶಾಬಾಸ್ ತೂಗಿದ್ದು ಇದನ್ನೇ. ಪಥ ಕಿತ್ತರೆ ಸವಾರರ ಜೀವಕ್ಕೆ ಅಪಾಯ ಹೆಚ್ಚುತ್ತದೆ, ದಟ್ಟಣೆ ತಗ್ಗುತ್ತದೆ ಎನ್ನಲು ಆಧಾರವಿಲ್ಲ, ಹಾಗಾಗಿ ಸರ್ಕಾರದ ಕ್ರಮ ಜೀವ ಮತ್ತು ಸುರಕ್ಷತೆಯ ಹಕ್ಕಿಗೆ ವಿರುದ್ಧ ಎಂಬುದು ತೀರ್ಪಿನ ತಿರುಳು. ಸೈಕಲ್ ಪಥ ಪಡೆಯುವುದೇ ನಾಗರಿಕರ ಹಕ್ಕು ಎಂದು ಅದು ಹೇಳಲಿಲ್ಲ. ಇಲ್ಲದಿರುವುದನ್ನು ಕಟ್ಟದಿರುವುದಕ್ಕೂ ಇರುವುದನ್ನು ಕಾರಣವಿಲ್ಲದೆ ಕೀಳುವುದಕ್ಕೂ ವ್ಯತ್ಯಾಸವಿದೆ.

ಅಪಘಾತವಾದ ಮೇಲೆ

ಡಿಕ್ಕಿಯ ನಷ್ಟವನ್ನು ಯಾರು ತುಂಬಬೇಕು ಎಂಬ ಕಾನೂನೂ ಚಾಲಕರ ನಡತೆಯನ್ನು ತಿದ್ದುತ್ತದೆ. ನೆದರ್ಲೆಂಡ್ಸಿನ ಸಂಚಾರ ಕಾನೂನಿನ 185ನೇ ವಿಧಿಯ ಪ್ರಕಾರ, ಹದಿನಾಲ್ಕು ವರ್ಷದೊಳಗಿನ ಸವಾರನಿಗೆ ಮೋಟಾರು ವಾಹನ ಡಿಕ್ಕಿಯಾದರೆ ನಷ್ಟ ಬಹುತೇಕ ಪೂರ್ತಿ ವಾಹನದವರದೇ. ವಯಸ್ಕ ಸವಾರನದೇ ತಪ್ಪಿದ್ದರೂ ಸಾಮಾನ್ಯವಾಗಿ ಅರ್ಧದಷ್ಟಾದರೂ ಅವರೇ ಕೊಡಬೇಕು. ಇದು ಶಿಕ್ಷೆಯಲ್ಲ, ವಿಮೆಯ ಮೂಲಕ ತೀರುವ ಪರಿಹಾರ. ಹೆಲ್ಮೆಟ್ ಕಡ್ಡಾಯದ ಚರ್ಚೆ ಇದಕ್ಕಿಂತ ಜೋರಾಗಿ ನಡೆಯುತ್ತದೆ. ಬಿದ್ದಾಗ ಹೆಲ್ಮೆಟ್ ತಲೆಯನ್ನು ಕಾಯುತ್ತದೆ, ಹಾಕಿಕೊಳ್ಳುವುದು ಒಳ್ಳೆಯದು. ಆದರೆ ಐವತ್ತರ ವೇಗದ ಡಿಕ್ಕಿಯನ್ನು ಅದು ತಪ್ಪಿಸುವುದಿಲ್ಲ.

ಪಥದೊಳಗೇ ಬಂದ ವೇಗ

ಈಗ ಇದೇ ಪ್ರಶ್ನೆ ಸೈಕಲ್ ಪಥದೊಳಗೇ ಎದ್ದಿದೆ. ಯುರೋಪಿನ ಒಕ್ಕೂಟದಲ್ಲಿ 250 ವಾಟ್ ಮೋಟಾರಿನ, ವೇಗ ಗಂಟೆಗೆ 25 ಕಿ.ಮೀ. ದಾಟಿದೊಡನೆ ಮೋಟಾರಿನ ನೆರವು ನಿಲ್ಲುವ ಇ-ಸೈಕಲ್ಲಿಗೆ ಸೈಕಲ್ಲಿನ ಸ್ಥಾನವೇ ಇದೆ. 45 ಕಿ.ಮೀ.ವರೆಗೆ ಹೋಗುವವು ಮೊಪೆಡ್ ವರ್ಗಕ್ಕೆ ಸೇರುತ್ತವೆ. ಮೋಟಾರಿನ ವೇಗಮಿತಿಯನ್ನು ತೆಗೆದುಹಾಕಿ ವೇಗ ಹೆಚ್ಚಿಸಿಕೊಂಡವೂ, ಎರಡು ಸೈಕಲ್ ಅಗಲದ ಸರಕಿನ ಸೈಕಲ್ಲುಗಳೂ ಅದೇ ಪಥದಲ್ಲಿ ಶಾಲೆಯ ಮಕ್ಕಳ ಜೊತೆ ಸಾಗುತ್ತಿವೆ. ಕಾರಿನ ಪಕ್ಕದಲ್ಲಿ ಸೈಕಲ್ ಸವಾರನಿಗಿದ್ದ ಅಂಜಿಕೆ ಈಗ ಇ-ಸೈಕಲ್ಲಿನ ಪಕ್ಕದಲ್ಲಿ ಮಗುವಿಗೆ.

ಆಮ್‌ಸ್ಟರ್‌ಡ್ಯಾಂ ನಗರ 2019ರ ಏಪ್ರಿಲ್‌ನಲ್ಲಿ ತನ್ನ ವರ್ತುಲ ರಸ್ತೆಯೊಳಗಿನ ಬಹುತೇಕ ಪಥಗಳಿಂದ ಹಗುರ ಮೊಪೆಡ್ಡುಗಳನ್ನು ರಸ್ತೆಗೆ ಕಳಿಸಿ, ಅವುಗಳ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಹಾಗೆ ಕಳಿಸಬೇಕಾದರೆ ರಸ್ತೆಯಲ್ಲಿ ಕಾರುಗಳ ವೇಗ ಹಿಡಿತದಲ್ಲಿರಬೇಕು. ರಸ್ತೆಯಲ್ಲಿ ಕಾರುಗಳು ಅರವತ್ತರಲ್ಲಿ ಓಡುವ ನಗರಕ್ಕೆ ಆ ದಾರಿ ಇಲ್ಲ. ಅಲ್ಲಿ ಉಳಿಯುವುದು ಪಥವನ್ನು ಅಗಲಿಸುವುದೊಂದೇ. ಈಗ ಒಂದೂವರೆ ಮೀಟರಿನ ಪಥ ಕಟ್ಟುತ್ತಿರುವ ಊರುಗಳು ಅದರ ಕಲ್ಲಿನ ಅಂಚನ್ನು ಕೆಲವೇ ವರ್ಷಗಳಲ್ಲಿ ಒಡೆಯಬೇಕಾಗುತ್ತದೆ. ಅಷ್ಟು ಹೊತ್ತಿಗೆ ಅದರ ಪಕ್ಕದ ಪಾರ್ಕಿಂಗ್ ಸಾಲಿಗೆ ಜನ ಒಗ್ಗಿಹೋಗಿರುತ್ತಾರೆ, ಅದನ್ನು ತೆಗೆಯುವುದು ಇವತ್ತಿಗಿಂತ ಕಷ್ಟವಾಗಿರುತ್ತದೆ.